ಫೈನಲ್ ದಿನ ನಾನು ತಿರುಗಿ ನಿಂತದ್ದು

ಹಾಸನದ ಮೈದಾನದಲ್ಲಿ ನನ್ನ ತಮ್ಮ ಸ್ವಾಮಿ ತಡೆದ ಆ ಕೊನೆಯ ಚೆಂಡನ್ನು ನಾನು ನೋಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಹೊಳೆನರಸೀಪುರದಲ್ಲಿ ಆ ಚೆಂಡಿನ ಕತೆಯನ್ನು ನನ್ನ ಬಾಯಿಂದ ಕೇಳದ ಮನೆ ಕಡಿಮೆ. ಏಣಿಯ ಮೇಲೆ ನಿಂತು ಸುಣ್ಣ ಬಳಿಯುತ್ತಾ ಹೇಳಿದ್ದೇನೆ. ನಲ್ಲಿಯ ಮುಂದೆ ಬಿಂದಿಗೆ ಇಟ್ಟು ಹೇಳಿದ್ದೇನೆ. ಬಸ್ಸಿನಲ್ಲಿ ಪಕ್ಕ ಕೂತ, ನನ್ನ ಹೆಸರೂ ಗೊತ್ತಿಲ್ಲದ ಹೆಂಗಸರಿಗೆ ಅವರು ಇಳಿಯುವ ಊರು ಬರುವ ತನಕ ಹೇಳಿದ್ದೇನೆ. ಕೇಳಿದವರೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ ಅಂದುಕೊಂಡರು. ಅಂದುಕೊಳ್ಳಲಿ ಅಂತಲೇ ನಾನೂ ಹೇಳಿದೆ. ಮೈದಾನದಲ್ಲಿದ್ದೆ, ಗೋಲಿನ ಹಿಂದೆ ಹತ್ತು ಹೆಜ್ಜೆಯಲ್ಲಿದ್ದೆ, ಎರಡು ಕಣ್ಣೂ ಸರಿಯಾಗಿದ್ದವು. ನೋಡುತ್ತೇನೆ ಅಂತ ಅವನಿಗೆ ಮಾತನ್ನೂ ಕೊಟ್ಟಿದ್ದೆ. ಆದರೂ ನೋಡಲಿಲ್ಲ.

ಈಗಲೂ ಟೀವಿಯಲ್ಲಿ ಹಾಕಿ ಬಂದಾಗ ಎದುರಿನವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತೋ, ನನ್ನ ಕತ್ತು ತಾನಾಗಿ ಗೋಡೆಯ ಕಡೆ ಹೊರಳುತ್ತದೆ. ನಮ್ಮ ಯಜಮಾನರು ಹಾಕಿ ಕೋಲು ದನ ಹೊಡೆಯುವುದಕ್ಕೆ ಮಾತ್ರ ಲಾಯಕ್ಕು ಎಂದು ನಂಬಿದವರು. ಅವರು ನನ್ನನ್ನು ನೋಡಿ, "ಆಟ ಅಲ್ಲೈತೆ, ನೀನು ಕ್ಯಾಲೆಂಡ್ರು ನೋಡ್ತಿದೀಯಲ್ಲ" ಅನ್ನುತ್ತಾರೆ. ಕತ್ತಿನ ಈ ಚಾಳಿ ಹತ್ತಿದ್ದು ಹೇಗೆಂದು ಅವರಿಗೆ ವಿವರಿಸುವ ಧೈರ್ಯ ನನಗೆ ಬಹಳ ವರ್ಷ ಇರಲಿಲ್ಲ.

ನಮ್ಮಪ್ಪ ಊರಿನ ಗೋಡೆಗಳಿಗೆ ಸುಣ್ಣ ಬಳಿಯುತ್ತಿದ್ದವರು. ಹಾಕಿ ಮೈದಾನಕ್ಕೆ ಗೆರೆ ಎಳೆಯುತ್ತಿದ್ದವರೂ ಅವರೇ. ಮ್ಯಾಚಿನ ದಿನ ಬೆಳಗ್ಗೆ ಬಕೆಟ್ಟು ತುಂಬ ಸುಣ್ಣದ ಪುಡಿ ಹಿಡಿದು ಹೊರಟರೆ ಹಿಂದೆ ಹಗ್ಗ ಹೊತ್ತುಕೊಂಡು ನಾನು. ಗೋಲಿನ ಮುಂದೆ ಅರ್ಧಚಂದ್ರದ ಹಾಗೆ ಒಂದು ಗೆರೆ ಇರುತ್ತದೆ, ಅದಕ್ಕೆ 'ಡಿ' ಅನ್ನುತ್ತಾರೆ. ಅದನ್ನು ಎಳೆಯುವುದು ಸುಲಭವಲ್ಲ. ಹದಿನಾರು ಗಜಕ್ಕೆ ಹಗ್ಗದಲ್ಲಿ ಗಂಟು ಹಾಕಿಟ್ಟಿದ್ದರು. ಹಗ್ಗದ ಒಂದು ತುದಿಯನ್ನು ಗೋಲಿನ ಕಂಬದ ಬುಡಕ್ಕೆ ಒತ್ತಿ ಹಿಡಿದು ನಾನು ಕೂರಬೇಕು. ಅಪ್ಪ ಇನ್ನೊಂದು ತುದಿ ಹಿಡಿದು, ಸುಣ್ಣ ಉದುರಿಸುತ್ತಾ ಸುತ್ತು ಬರುವರು. ಒಂದು ಕಂಬ ಮುಗಿದರೆ ಇನ್ನೊಂದು ಕಂಬ. ನಡುವೆ ನೇರ ಗೆರೆ. "ಹಗ್ಗ ಸಡ್ಲ ಬುಟ್ಯೋ, ಡಿ ಹೋಗಿ ಕುಂಬಳಕಾಯಿ ಆಯ್ತದೆ" ಎಂದು ಪ್ರತಿ ಸಲ ಹೇಳುವರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಶಾಲೆಯಲ್ಲಿ ಕಲಿತ ಗಣಿತ ಶಾಲೆಯಲ್ಲೇ ಉಳಿಯಿತು. ಹದಿನಾರು ಗಜ ಮಾತ್ರ ಇವತ್ತಿಗೂ ನನ್ನ ಕೈಯಲ್ಲಿದೆ. ಬೇಕಾದರೆ ನಿಮ್ಮ ಮನೆಯ ಅಂಗಳದಲ್ಲಿ ಹೆಜ್ಜೆ ಹಾಕಿ ತೋರಿಸುತ್ತೇನೆ.

ಗೆರೆ ಎಳೆದ ಮೇಲೆ ಅಪ್ಪ ಮನೆಗೆ ಬರುತ್ತಿರಲಿಲ್ಲ, ನಾನೂ ಬರುತ್ತಿರಲಿಲ್ಲ. ಇಬ್ಬರೂ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಪಾಳಿಯಲ್ಲಿ ಕೂತು ಆಟ ನೋಡುತ್ತಿದ್ದೆವು. ಹಾಗೆ ಹತ್ತಿತು ನನಗೆ ಈ ಹುಚ್ಚು.

ಸ್ವಾಮಿ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅವನನ್ನು ಗೋಲ್‌ಕೀಪರ್ ಮಾಡಿದ್ದು ನಾನೇ ಎಂದು ಜಂಬ ಕೊಚ್ಚಿಕೊಳ್ಳುತ್ತೇನೆ. ನಿಜ ಏನೆಂದರೆ, ನನಗೆ ಚೆಂಡು ಹೊಡೆಯುವ ಆಸೆ, ಎದುರಿಗೆ ನಿಲ್ಲಿಸುವುದಕ್ಕೆ ಬೇರೆ ಯಾರೂ ಇರಲಿಲ್ಲ. ಹಿತ್ತಲ ಗೋಡೆಗೆ ಅವನನ್ನು ನಿಲ್ಲಿಸಿ, ಬಟ್ಟೆ ಸುತ್ತಿ ಹೊಲಿದ ಚೆಂಡನ್ನು ಸುಣ್ಣದ ಕೋಲಿನಿಂದ ಬಾರಿಸುತ್ತಿದ್ದೆ. ಗೋಡೆಯ ತುಂಬ ಚೆಂಡಿನ ಕಲೆ. "ಊರ ಗ್ವಾಡೆಗೆಲ್ಲ ಸುಣ್ಣ ಬಳಿಯೋರ ಮನೆ ಗ್ವಾಡೆ ನೋಡ್ರವ್ವ" ಎಂದು ಅವ್ವ ಬೀದಿಗೆ ಕೇಳುವ ಹಾಗೆ ಕೂಗುವಳು. ಚೆಂಡು ಹತ್ತಿರ ಬಂದರೆ ಹುಡುಗ ಕಣ್ಣು ಮುಚ್ಚಿಬಿಡುತ್ತಿದ್ದ. ನಾನು ಹೋಗಿ ತಲೆಗೆ ಮೊಟಕುತ್ತಿದ್ದೆ.

"ಕಣ್ಣು ಮುಚ್ಕಂಡ್ರೆ ಚೆಂಡು ಮಾಯ ಆಯ್ತದೇನ್ಲಾ? ಬುಡು ಕಣ್ಣ. ಕೊನೇ ತಂಕ ನೋಡು."

ಹೀಗೆ ಹೇಳಿಕೊಟ್ಟವಳು ನಾನು. ನೆನಪಿರಲಿ.

ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ ಸ್ವಾಮಿ ಊರ ತಂಡಕ್ಕೆ ಸೇರಿದ. ಸುಣ್ಣದ ಬಕೆಟ್ಟು ಆಗಲೇ ನನ್ನ ಕೈಗೆ ಬಂದಿತ್ತು. ಗೋಡೆಯೂ ನನ್ನದೇ, ಮೈದಾನದ ಗೆರೆಯೂ ನನ್ನದೇ. ಗಂಡಸರ ಮಧ್ಯೆ ಹೆಂಗಸೊಬ್ಬಳು ನಿಂತು ಆಟ ನೋಡುವುದೆಂದರೆ ಆಗ ನಾಲ್ಕು ಜನ ತಿರುಗಿ ನೋಡುತ್ತಿದ್ದ ಕಾಲ. ಆದರೆ ಗೆರೆ ಎಳೆದವಳನ್ನು ಗೆರೆಯ ಪಕ್ಕದಿಂದ ಎಬ್ಬಿಸುವವರು ಯಾರು? ಹಳೇ ಬಸ್ಸಿನ ಸೀಟಿನ ರೆಕ್ಸಿನ್ನು ತಂದು, ಒಳಗೆ ಹಾಸಿಗೆಯ ಹತ್ತಿ ತುಂಬಿ, ತಮ್ಮನಿಗೆ ಕಾಲಿನ ಪ್ಯಾಡನ್ನೂ ನಾನೇ ಹೊಲಿದುಕೊಟ್ಟೆ. ಅದನ್ನು ಕಟ್ಟಿಕೊಂಡು ನಡೆದರೆ ಎರಡು ದಿಂಬುಗಳು ಜಗಳವಾಡುತ್ತಾ ಹೋಗುವ ಹಾಗೆ ಕಾಣುತ್ತಿತ್ತು.

ನಮ್ಮ ತಂಡದ ವಿಷಯ ಹೇಳಬೇಕೆಂದರೆ, ಪ್ರತಿ ವರ್ಷ ತಾಲ್ಲೂಕು ತಂಡಗಳ ಪಂದ್ಯಾವಳಿಗೆ ಹೋಗುವುದು, ಮೊದಲ ಮ್ಯಾಚಿನಲ್ಲೇ ಸೋಲುವುದು, ದಾರಿಯಲ್ಲಿ ಅಂಪೈರನ್ನು ಬೈಯುತ್ತಾ ವಾಪಸು ಬರುವುದು. ಇದರಲ್ಲಿ ಒಂದು ವರ್ಷವೂ ತಪ್ಪಿರಲಿಲ್ಲ. ಸೋತವರು ಹೊರಗೆ, ಗೆದ್ದವರು ಮುಂದಕ್ಕೆ ಎನ್ನುವ ಪದ್ಧತಿಯಾದ್ದರಿಂದ ನಮಗೆ ಎರಡನೇ ಮ್ಯಾಚು ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಕ್ಯಾಪ್ಟನ್ ರಜಾಕ್ ಟೆಂಪೋ ರಿಪೇರಿ ಮಾಡುವವನು. ಅವನೇ ರಿಪೇರಿ ಮಾಡಿದ ಟೆಂಪೋದಲ್ಲಿ ಹೋಗುತ್ತಿದ್ದರಿಂದ ಕೆಲವು ವರ್ಷ ಮೊದಲ ಮ್ಯಾಚಿಗೂ ತಡವಾಗುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಆ ವರ್ಷ ಮೊದಲ ಮ್ಯಾಚು ಅರಕಲಗೂಡಿನಲ್ಲಿ, ಅರಕಲಗೂಡಿನವರ ಮೇಲೆಯೇ. ಒಂದು ಗೋಲು ನಮ್ಮದಾಗಿತ್ತು. ಇನ್ನೇನು ಮುಗಿಯಬೇಕು, ಅವರಿಗೆ ಪೆನಾಲ್ಟಿ ಕಾರ್ನರ್. ನಾನು ಎಂದಿನಂತೆ ಗೋಲಿನ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ. ಅಷ್ಟರಲ್ಲಿ ಯಾರದೋ ಮೇಕೆ ಬಂದು ಪಾನಕಕ್ಕೆಂದು ತಂದಿದ್ದ ನನ್ನ ನಿಂಬೆಹಣ್ಣಿನ ಚೀಲಕ್ಕೆ ಬಾಯಿ ಹಾಕಿತು. ಚೀಲದ ಒಂದು ಕಿವಿ ಮೇಕೆಯ ಬಾಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅದು ಬಿಡದು, ನಾನೂ ಬಿಡೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಒಂದಾದ ಮೇಲೊಂದು ಮೂರು ಪೆನಾಲ್ಟಿ ಕಾರ್ನರ್ ಆದವಂತೆ. ಮೂರನ್ನೂ ಸ್ವಾಮಿ ತಡೆದನಂತೆ. ನಾನು ಚೀಲ ಗೆದ್ದು ತಿರುಗಿದಾಗ ನಮ್ಮ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಹೊರಳುತ್ತಿದ್ದರು.

ಪಾನಕ ಕುಡಿಯುತ್ತಾ ರಜಾಕ್ ನನ್ನನ್ನೇ ದಿಟ್ಟಿಸಿದ.

"ಸಾವಿತ್ರಕ್ಕಾ, ಇಷ್ಟು ವರ್ಷ ನೀವು ಆಟ ನೋಡಿದ್ರಿ, ನಾವು ಸೋತ್ವಿ. ಇವತ್ತು ಮೇಕೆ ನೋಡಿದ್ರಿ, ಗೆದ್ವಿ. ಬರಾಬರ್ ಅಲ್ವಾ?"

"ಅಂಗಾರೆ ನನ್ ಕಣ್ಣು ಕೆಟ್ಟದ್ದು ಅಂತಿಯೇನ್ಲಾ?"

"ತೋಬಾ ತೋಬಾ! ಕಣ್ಣು ಒಳ್ಳೇದೇ ಅಕ್ಕಾ. ಪ್ರೀತಿ ಜಾಸ್ತಿ ಆಗಿದೆ, ಅಷ್ಟೇ. ಪ್ರೀತಿ ಇರೋರ ಕಣ್ಣೇ ಬೇಗ ತಾಗೋದು."

ಮಾತು ಸುಳ್ಳಲ್ಲ. ನಮ್ಮ ಕಡೆ ಹೆತ್ತ ತಾಯಿಯೇ ಮಗುವಿಗೆ ಉಣ್ಣಿಸಿ, ತನ್ನ ಕಣ್ಣೇ ತಾಗಿದ್ದೀತೆಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುತ್ತಾಳೆ. ನಾನೇ ಸ್ವಾಮಿಗೆ ಎಷ್ಟು ಸಲ ಇಳಿಸಿಲ್ಲ? ಒಲೆಯಲ್ಲಿ ಮೆಣಸಿನಕಾಯಿ ಘಾಟೇ ಬರದಿದ್ದರೆ ಬಹಳ ದೃಷ್ಟಿಯಾಗಿದೆ ಎಂದು ಇನ್ನೊಂದು ಹಿಡಿ ಹಾಕಿದವಳು ನಾನು. ಆವತ್ತಿನಿಂದ ತೀರ್ಮಾನವಾಯಿತು. ನಾನು ಮ್ಯಾಚಿಗೆ ಬರಬೇಕು, ಪಾನಕ ತರಬೇಕು, ಬೆನ್ನು ತಿರುಗಿಸಿ ನಿಲ್ಲಬೇಕು.

ಮುಂದಿನದು ಸೆಮಿಫೈನಲ್, ಚನ್ನರಾಯಪಟ್ಟಣದಲ್ಲಿ. ಹಾಕಿ ಮ್ಯಾಚಿಗೆ ಬೆನ್ನು ತೋರಿಸಿ ಪೂರ್ತಿ ಆಟ ನಿಂತವರು ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಮೊದಮೊದಲು ಕತ್ತು ಸೆಟೆದುಕೊಂಡು ಹಿಂಸೆಯಾಯಿತು. ಆಮೇಲೆ ಎದುರಿಗೆ ನಿಂತವರ ಮುಖದಲ್ಲೇ ಆಟ ನೋಡುವುದು ಅಭ್ಯಾಸವಾಯಿತು. ಅವರೆಲ್ಲ ಚನ್ನರಾಯಪಟ್ಟಣದವರು, ಹಾಗಾಗಿ ಎಲ್ಲವೂ ಉಲ್ಟಾ. ಅವರು ನಕ್ಕರೆ ನಾನು ಸೆರಗು ಕಚ್ಚುವುದು, ಅವರು ತಲೆ ಮೇಲೆ ಕೈ ಹೊತ್ತರೆ ನಾನು ಒಳಗೊಳಗೇ ಕುಣಿಯುವುದು. ಎಲೆಅಡಿಕೆ ಮೆಲ್ಲುತ್ತಿದ್ದ ಒಬ್ಬ ತಾತ ಇದ್ದ. ಅವನ ದವಡೆ ನಿಂತಿತೆಂದರೆ ಚೆಂಡು ನಮ್ಮ ಡಿ ಒಳಗೆ ಬಂದಿದೆ ಎಂದೇ ಅರ್ಥ. ಅವನಿಗೆ ನನ್ನ ನೋಟ ಸಹಿಸಲಾಗಲಿಲ್ಲ.

"ಯಾಕವ್ವ, ನಿಂಗೆ ಕಣ್ಣು ಕಾಣಾಕಿಲ್ವಾ?"

"ಕಾಣ್ತದೆ ತಾತ. ಅದೇ ತೊಂದ್ರೆ."

"ಮತ್ತೆ ನನ್ ಮಕ ಯಾಕಂಗೆ ನೋಡ್ತಿದೀಯ?"

"ನೀನು ಎಲೆಅಡಿಕೆ ಅಗಿಯಾದು ನಿಲ್ಲುಸ್ಬ್ಯಾಡ ತಾತ, ನಿನ್ ಕೈ ಮುಗೀತೀನಿ."

ತಾತನ ದವಡೆ ಕೊನೆಯ ಹತ್ತು ನಿಮಿಷದಲ್ಲಿ ಎಂಟು ಸಲ ನಿಂತಿತು. ಎಂಟು ಸಲವೂ ಮತ್ತೆ ಬೇಸರದಿಂದ ಅಗಿಯತೊಡಗಿತು. ಮೂರು ಎರಡರಲ್ಲಿ ನಾವು ಗೆದ್ದೆವು. ನಮ್ಮೂರು ಫೈನಲ್ಲಿಗೆ! ಟೆಂಪೋ ಊರು ಮುಟ್ಟುವ ಮುಂಚೆ ಸುದ್ದಿ ಮುಟ್ಟಿತ್ತು. ಹೇಮಾವತಿ ಸೇತುವೆಯ ಹತ್ತಿರ ಜನ ಪಟಾಕಿ ಹಿಡಿದು ನಿಂತಿದ್ದರು. ಹಾಕಿ ಕೋಲಿಗೂ ಊರುಗೋಲಿಗೂ ವ್ಯತ್ಯಾಸ ತಿಳಿಯದವರೂ ರಜಾಕನನ್ನು ಹೆಗಲ ಮೇಲೆ ಹೊತ್ತರು. ರಜಾಕ್ ಮೇಲಿನಿಂದಲೇ ನನ್ನ ಕಡೆ ಕೈ ತೋರಿಸಿ, "ಅಕ್ಕನ ಬೆನ್ನಿಗೆ ಜೈ!" ಎಂದು ಕೂಗಿದ. ಜನರೂ ಏನು ಎತ್ತ ಕೇಳದೆ ಜೈ ಅಂದರು. ನಾನೂ ಉಬ್ಬಿ ಹೋದೆ. ಸ್ವಾಮಿ ಒಬ್ಬನೇ ಪ್ಯಾಡಿನ ಪಟ್ಟಿ ಬಿಚ್ಚುತ್ತಾ ತಲೆ ತಗ್ಗಿಸಿ ಕೂತಿದ್ದ.

ಮಾರನೆಯ ದಿನ ನಾನು ಗೋಲಿಗೆ ಸುಣ್ಣ ಬಳಿಯುತ್ತಿದ್ದಾಗ ಅವನು ಬಂದು ಕಂಬಕ್ಕೆ ಒರಗಿ ನಿಂತ.

"ಅಕ್ಕ, ಅಪ್ಪ ಅಂತೂ ನಾನು ಆಡಾದು ನೋಡ್ಲಿಲ್ಲ. ಅವ್ವ ಮನೆ ಬುಟ್ಟು ಬರಾಕಿಲ್ಲ. ನೀನು ಬಂದ್ರೂ ಬೆನ್ನು ತೋರುಸ್ಕಂಡು ನಿಂತ್ಕತೀಯ. ಊರೆಲ್ಲ ನೋಡ್ತದೆ, ನಾನು ಗೆಲ್ಲಾದು ನಮ್ಮನೇರು ಒಬ್ರೂ ನೋಡಿಲ್ಲ ಕಣಕ್ಕ."

"ಗೆಲ್ಲಾದು ಬ್ಯಾಡ್ವೇನ್ಲಾ?"

"ಗೆಲ್ಲುಸ್ತಿರಾದು ನಾನು. ನಿನ್ ಬೆನ್ನಲ್ಲ."

ನಾನು ಕುಂಚ ಅದ್ದುವುದನ್ನು ನಿಲ್ಲಿಸಿದೆ. ಅವನು ಯಾವತ್ತೂ ನನ್ನ ಮುಂದೆ ಹಾಗೆ ಮಾತಾಡಿದವನಲ್ಲ.

"ಗೋಲು ಬಿದ್ರೂ ಬೀಳ್ಲಿ. ಫೈನಲ್ಲಲ್ಲಿ ನೀನು ನನ್ನ ನೋಡ್ಬೇಕು. ಅಷ್ಟೇಯ."

"ಆಯ್ತು ಕಣ್ಲಾ, ನೋಡ್ತೀನಿ. ರೆಪ್ಪೆ ಮುಚ್ಚಾಕಿಲ್ಲ, ಸರಿನಾ?"

ಫೈನಲ್ ಹಾಸನದಲ್ಲಿ, ಹಾಸನದವರ ಮೇಲೆ. ನಮ್ಮೂರಿನಿಂದ ಎರಡು ಟೆಂಪೋ, ಒಂದು ಬಸ್ಸು, ಲೆಕ್ಕವಿಲ್ಲದಷ್ಟು ಸ್ಕೂಟರು. ನಾನು ಹಸಿರು ಸೀರೆ ಉಟ್ಟು, ಒಂದು ಮಾರು ಕನಕಾಂಬರ ಮುಡಿದಿದ್ದೆ. ಇಳಿದವಳೇ ಮೊದಲು ಹೋಗಿ ಅವರ ಡಿ ನೋಡಿದೆ. ಎಡಗಡೆ ಸ್ವಲ್ಪ ಕುಂಬಳಕಾಯಿಯಾಗಿತ್ತು. ಅರ್ಧ ಗೆದ್ದೆವು ಅಂದುಕೊಂಡೆ. ನಮ್ಮೂರಿನ ಸ್ಟುಡಿಯೋದವರು ಕ್ಯಾಮೆರಾ ಹಿಡಿದು ಬಂದಿದ್ದರು. ರಜಾಕ್ ನನ್ನ ಹತ್ತಿರ ಬಂದು, "ಅಕ್ಕಾ, ಸ್ವಾಮಿ ಹೇಳ್ದ. ನೋಡ್ತೀರಂತೆ. ನಿಮ್ಮಿಷ್ಟ" ಎಂದು ಮುಖ ಸಣ್ಣದು ಮಾಡಿಕೊಂಡು ಹೋದ.

ನಾನು ನೋಡಿದೆ. ಹತ್ತು ನಿಮಿಷವಾಗುವುದರೊಳಗೆ ಹಾಸನದವರು ಗೋಲು ಹೊಡೆದರು. ನಮ್ಮೂರಿನವರೆಲ್ಲ ಒಂದೇ ಸಲ ನನ್ನ ಕಡೆ ತಿರುಗಿದರು. ಹೊಡೆದವನು ಅವರ ತಂಡದ ಬೂವನಹಳ್ಳಿಯ ಹುಡುಗ, ತಪ್ಪು ಮಾತ್ರ ನನ್ನ ಮೇಲೆ! ನಾನು ಹಲ್ಲು ಕಚ್ಚಿ ನೋಡುತ್ತಲೇ ನಿಂತೆ. ಮತ್ತೆ ಏನು ಆಟ ಆಡಿದ ನನ್ನ ತಮ್ಮ! ಮನೆಯಲ್ಲಿ ಲೋಟ ಎತ್ತುವುದಕ್ಕೂ ಸೋಮಾರಿತನ ಮಾಡುವ ಹುಡುಗ ಇವನೇನಾ ಅನ್ನಿಸಿತು. ಮಲಗಿ ತಡೆದ, ಎದ್ದು ಒದ್ದ, ಮುಂದೆ ನಿಂತ ನಮ್ಮ ಹುಡುಗರನ್ನೆಲ್ಲ ಹೆಸರು ಹಿಡಿದು ಕೂಗಿ ಎಲ್ಲಿ ನಿಲ್ಲಬೇಕೆಂದು ಹೇಳಿದ. ನಾನು ಹೊಲಿದ ದಿಂಬುಗಳಿಗೆ ಜೀವ ಬಂದಿತ್ತು. ನಡುವೆ ಒಮ್ಮೆ ತಿರುಗಿ, ಮುಖದ ಜಾಲರಿಯೊಳಗಿನಿಂದಲೇ ನನ್ನನ್ನು ಹುಡುಕಿದ. ನಾನು ಕೈ ಎತ್ತಿದೆ. ಅವನ ಹಲ್ಲು ಕಾಣಿಸಿತು. ವಿರಾಮ ಕಳೆದ ಮೇಲೆ ನಾವು ಸಮ ಮಾಡಿದೆವು. ಆಮೇಲೆ ರಜಾಕ್ ಆ ಸೊಟ್ಟ ಗೆರೆಯ ಅಂಚಿನಿಂದ ಬಾರಿಸಿದ್ದು ಗೋಲಿನೊಳಗಿನ ಹಲಗೆಗೆ ಬಡಿದ ಸದ್ದು ನನ್ನ ಎದೆಗೆ ಕೇಳಿಸಿತು. ಎರಡು ಒಂದು!

ಇನ್ನು ಒಂದೋ ಎರಡೋ ನಿಮಿಷ. ಗೋಲಿನ ಬಾಯಲ್ಲಿ, ಒಳಗೆ ಹೋಗಬೇಕಿದ್ದ ಚೆಂಡು ನಮ್ಮ ಹುಡುಗನೊಬ್ಬನ ಕಾಲಿಗೆ ತಗುಲಿತು. ಅಂಪೈರ್ ಶಿಳ್ಳೆ ಊದಿ ಕೈ ತೋರಿಸಿದರು. ಪೆನಾಲ್ಟಿ ಸ್ಟ್ರೋಕ್. ಏಳು ಗಜ ದೂರದಲ್ಲಿ ಚೆಂಡು, ಬೂವನಹಳ್ಳಿಯ ಹುಡುಗ, ಎದುರಿಗೆ ಸ್ವಾಮಿ ಒಬ್ಬನೇ. ಉಳಿದವರೆಲ್ಲ ದೂರ ಹೋಗಿ ನಿಂತರು. ಆ ದೂರದಿಂದ ರಜಾಕ್ ನನ್ನ ಕಡೆ ನೋಡಿದ. ಎರಡೂ ಕೈ ಎತ್ತಿ ಮುಗಿದ. ಒಂದು ಬೆರಳನ್ನು ಗಾಳಿಯಲ್ಲಿ ಸುತ್ತಿಸಿ ತೋರಿಸಿದ. ತಿರುಗಿ, ಅಕ್ಕಾ, ತಿರುಗಿ.

ನನಗೆ ಮಾತು ನೆನಪಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ನೆನಪಿತ್ತು. ಗೋಲು ಬಿದ್ದರೂ ಬೀಳಲಿ ಅಂದಿದ್ದ. ಆದರೆ ನನಗೆ ಬೀಳಬಾರದಾಗಿತ್ತು. ಇಷ್ಟು ವರ್ಷ ಸೋತು ಸೋತು ಬಂದ ದಾರಿಯೆಲ್ಲ ಕಣ್ಣ ಮುಂದೆ ಬಂತು. ಆ ಕ್ಷಣ ನನಗೆ ತಮ್ಮನಿಗಿಂತ ಗೆದ್ದರೆ ಸಿಗುವ ಕಪ್ ದೊಡ್ಡದಾಯಿತು. ಅವನ ಕೈಕಾಲಿಗಿಂತ ನನ್ನ ಬೆನ್ನನ್ನೇ ನಾನು ನಂಬಿದೆ. ತಿರುಗಿದೆ.

ಎದುರಿಗೆ ನಮ್ಮೂರಿನ ನೂರು ಮುಖ, ಎಲ್ಲರದೂ ಬಾಯಿ ತೆರೆದಿತ್ತು. ಶಿಳ್ಳೆ. ದಪ್ ಎಂದು ಒಂದು ಸದ್ದು. ಆಮೇಲೆ ಆ ನೂರು ಬಾಯಿಂದ ಒಂದೇ ಕೂಗು. ನನ್ನನ್ನು ತಳ್ಳಿಕೊಂಡೇ ಜನ ಒಳಗೆ ನುಗ್ಗಿದರು. ಗೆದ್ದಿದ್ದೆವು! ನಾನೂ ಓಡಿದೆ, ಚಪ್ಪಲಿ ಎಲ್ಲಿ ಬಿತ್ತೋ ಇವತ್ತಿಗೂ ಗೊತ್ತಿಲ್ಲ. ಸ್ವಾಮಿ ಹೆಗಲ ಮೇಲಿದ್ದ. ನನ್ನನ್ನು ಕಂಡು ಬಗ್ಗಿ, ಜಾಲರಿ ಕಿತ್ತು, ಕೇಳಿದ್ದು ಒಂದೇ.

"ನೋಡ್ದ್ಯಾ ಅಕ್ಕ?"

"ನೋಡ್ದೆ ಕಣೋ! ನೋಡ್ದೆ!"

ಸುಳ್ಳು ಹೇಳಿದವಳಿಗೆ ಮುಂದೆ ಕತೆ ಬೇಕಲ್ಲ? ವಾಪಸು ಬರುವಾಗ ಟೆಂಪೋದಲ್ಲಿ ಕಿವಿಯಾಗಿ ಕೂತೆ. ಒಬ್ಬ ಎಡಕ್ಕೆ ಹಾರಿದ ಅಂದ, ಇನ್ನೊಬ್ಬ ಬಲಕ್ಕೆ ಅಂದ, ಮತ್ತೊಬ್ಬ ಹಾರಲೇ ಇಲ್ಲ ಅಂದ. ಹೇಳುವುದಕ್ಕೆ ಚೆನ್ನಾಗಿರುತ್ತದೆಂದು ನಾನು ಎಡವನ್ನು ಆರಿಸಿಕೊಂಡೆ. ಗಾಳಿಪಟದ ಹಾಗೆ ಎಡಕ್ಕೆ ಹಾರಿ, ಅಂಗೈಯಲ್ಲಿ ಚೆಂಡನ್ನು ಆಚೆಗೆ ಅಟ್ಟಿದ. ವರ್ಷ ಕಳೆದ ಹಾಗೆ ಅವನು ಇನ್ನೂ ಮೇಲೆ ಮೇಲೆ ಹಾರತೊಡಗಿದ. ಅವನ ಮದುವೆಯಲ್ಲಿ ಬೀಗರಿಗೆ ಹೇಳುವಾಗ ಒಂದಾಳು ಎತ್ತರ ಹಾರಿದ್ದ. ಸ್ವಾಮಿ ಎದುರಿಗೇ ಕೂತು ಹೋಳಿಗೆ ತಿನ್ನುತ್ತಾ ಕೇಳುತ್ತಿದ್ದ. ಒಂದು ಸಲವೂ ಹಾಗಲ್ಲ ಹೀಗೆ ಅನ್ನಲಿಲ್ಲ. ಪ್ರತಿ ಸಲ ಕತೆ ಮುಗಿದಾಗ ನನ್ನ ಮುಖ ನೋಡುತ್ತಿದ್ದ, ಅಷ್ಟೆ. ನನಗೆ ಮಾತ್ರ ಆವತ್ತು ಊಟ ಸೇರುತ್ತಿರಲಿಲ್ಲ.

ಏಳೆಂಟು ವರ್ಷ ಕಳೆಯಿತು. ಸ್ವಾಮಿ ಆಟ ಬಿಟ್ಟು ರಾಗಿ ಮಿಲ್ಲು ಇಟ್ಟ. ಸ್ಟುಡಿಯೋದವರು ಕ್ಯಾಮೆರಾಗಳನ್ನೆಲ್ಲ ಹೊಸದು ಮಾಡಿ, ಅಂಗಡಿಗೂ ಹೊಸ ಬಣ್ಣ ಹೊಡೆಸಬೇಕೆಂದು ನನ್ನನ್ನು ಕರೆದರು. ಬಣ್ಣ ಹೊಡೆಯುವ ಮುಂಚೆ ಅಟ್ಟ ಖಾಲಿ ಮಾಡಬೇಕಲ್ಲ. ಇಳಿಸಿದ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಆ ಫೋಟೋ ಇತ್ತು.

ಗೋಲಿನ ಮುಂದೆ ಸ್ವಾಮಿ. ಎಲ್ಲಿಗೂ ಹಾರಿಲ್ಲ. ನೆಟ್ಟಗೆ ನಿಂತವನು ಬಲಗಾಲನ್ನು ಮಾತ್ರ ಉದ್ದಕ್ಕೆ ಚಾಚಿದ್ದಾನೆ, ಚೆಂಡು ನಾನು ಹೊಲಿದ ಪ್ಯಾಡಿಗೆ ಅಂಟಿಕೊಂಡಂತಿದೆ. ಜಾಲರಿಯ ಹಿಂದೆ ಅವನ ಕಣ್ಣು ಪೂರ್ತಿ ತೆರೆದಿದೆ. ಬಲೆಯ ಆಚೆ ನಮ್ಮೂರಿನ ನೂರು ಮುಖ, ಎಲ್ಲರ ಕಣ್ಣೂ ಅವನ ಕಾಲಿನ ಮೇಲೆ. ಅವುಗಳ ನಡುವೆ ಒಂದೇ ಒಂದು ಹಸಿರು ಬೆನ್ನು, ಒಂದು ಜಡೆ, ಒಂದು ಮಾರು ಕನಕಾಂಬರ. ನನ್ನ ಜಡೆ ಅಷ್ಟು ಚೆನ್ನಾಗಿ ಯಾವ ಫೋಟೋದಲ್ಲೂ ಬಂದಿಲ್ಲ.

ನಾನು ಏಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಸಾ, ಇದನ್ನ ಸ್ವಾಮಿಗೆ ತೋರುಸ್ಬ್ಯಾಡಿ" ಅಂದೆ.

ಸ್ಟುಡಿಯೋದವರು ಕನ್ನಡಕ ಏರಿಸಿ ನೋಡಿ ನಕ್ಕರು. "ತೋರ್ಸೋದೇನಮ್ಮ? ಫೈನಲ್ ಆದ ವಾರದಲ್ಲೇ ಬಂದು ಒಂದು ಪ್ರಿಂಟ್ ಹಾಕುಸ್ಕೊಂಡು ಹೋಗಿದಾನೆ. ಪರ್ಸಲ್ಲಿ ಇಟ್ಕೊಂಡಿರ್ತಾನೆ, ಕೇಳಿ."

ಫೈನಲ್ ಆದ ವಾರದಲ್ಲೇ. ಹಾಗಾದರೆ ಮದುವೆಯ ದಿನ ಹೋಳಿಗೆ ತಿನ್ನುವಾಗಲೂ ಗೊತ್ತಿತ್ತು. ನಾನು ಅವನನ್ನು ಒಂದಾಳು ಎತ್ತರ ಹಾರಿಸುವಾಗಲೂ ಗೊತ್ತಿತ್ತು. ಬಣ್ಣದ ಡಬ್ಬಕ್ಕೆ ಮುಚ್ಚಳ ಹಾಕಿ, ಫೋಟೋ ಹಿಡಿದು, ಹಾಗೇ ಮಿಲ್ಲಿಗೆ ನಡೆದೆ.

ಮಿಲ್ಲಿನಲ್ಲಿ ಹತ್ತು ಹನ್ನೆರಡು ಜನ ರಾಗಿ ಡಬ್ಬ ಇಟ್ಟುಕೊಂಡು ಕಾಯುತ್ತಿದ್ದರು. ಬೆಲ್ಟು ಓಡುತ್ತಿತ್ತು, ಪಕ್ಕದವರ ಮಾತೂ ಕೇಳಿಸದಷ್ಟು ಸದ್ದು. ನಾನು ಫೋಟೋ ಮುಂದೆ ಹಿಡಿದೆ. ಸ್ವಾಮಿ ಹಿಟ್ಟಿನ ಕೈ ಒರೆಸಿಕೊಂಡು ನೋಡಿದ, ನಕ್ಕ.

"ಸಿಕ್ತಾ?" ಎಂದು ನನ್ನ ಕಿವಿಯ ಹತ್ತಿರ ಕೂಗಿದ.

"ಗೊತ್ತಿದ್ದೂ ಯಾಕ್ಲಾ ಸುಮ್ಕಿದ್ದೆ?"

"ನೀನು ಏಳಾದ್ರಲ್ಲಿ ನಾನು ಭಾಳ ಚೆನ್ನಾಗಿ ಆರ್ತಿದ್ದೆ ಕಣಕ್ಕ. ಕೆಡ್ಸಾದು ಯಾಕೆ ಅಂತ." ಈ ಸಲ ನಗದೆ ಹೇಳಿದ. "ಒಂದಿನ ನೀನೇ ನಿಜ ಏಳ್ತೀಯ ಅಂತಿದ್ದೆ."

ನಾನು ಹೇಳಿದೆ. ಮೆಲ್ಲಗೆ ಹೇಳಿದ್ದನ್ನು ಮಿಲ್ಲು ನುಂಗಿಬಿಟ್ಟಿತು. ಅವನು ಕಿವಿಗೆ ಕೈ ಇಟ್ಟು, "ಕೇಳುಸ್ತಿಲ್ಲ, ಜೋರಾಗಿ ಏಳಕ್ಕ" ಅಂದ. ಬೆಲ್ಟು ನಿಲ್ಲಿಸುವ ಗುಂಡಿ ಅವನ ಕೈಗೆ ಎಟುಕುವಲ್ಲೇ ಇತ್ತು. ಅವನು ಒತ್ತಲಿಲ್ಲ. ಸರಿ ಅನ್ನಿಸಿತು. ಸುಳ್ಳನ್ನು ಊರಿಗೆಲ್ಲ ಕೇಳುವ ಹಾಗೆ ಹೇಳಿದವಳು ಇದನ್ನು ಮೆಲ್ಲಗೆ ಹೇಳಿದರೆ ಹೇಗೆ? ಡಬ್ಬ ಹಿಡಿದು ಕೂತವರೆಲ್ಲ ನನ್ನ ಕಡೆ ತಿರುಗಿದರು. ನಾನು ಅವನ ಕಣ್ಣನ್ನೇ ನೋಡುತ್ತಾ, ಇದ್ದಷ್ಟೂ ಉಸಿರು ಹಾಕಿ ಕೂಗಿದೆ.

"ನೋಡ್ತೀನಿ ಅಂದು ನೋಡ್ಲಿಲ್ಲ ಕಣೋ ನಾನು! ನಿನ್ನ ನಂಬ್ದೆ ತಿರುಕ್ಕಂಡ್ಬುಟ್ಟೆ! ನೋಡ್ದೆ ಅಂತ ಸುಳ್ಳು ಏಳ್ದೆ! ತಪ್ಪಾಯ್ತು ಸ್ವಾಮಿ, ನಂದು ತಪ್ಪಾಯ್ತು!"